ಕರಿಗನ ಕಿವಿ ಹಿಗ್ಗಿದ್ದು

ಊರ ಹೆಸರು ಬೇಡ ಬಿಡಿ, ಹೇಳಿದರೆ ಆ ಊರಿನವರು ಜಗಳಕ್ಕೆ ಬಂದಾರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕರಿಗ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ, ಯಾವತ್ತೂ ತಾಯಿಗೆ ಎದುರು ಮಾತಾಡಿದವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಾಯಿಯ ಕಷ್ಟವೂ ಅದೇ. ಬಾಗಿಲು ನೋಡ್ಕೊ ಅಂದು ಅವಳು ಗದ್ದೆಗೆ ಹೋದರೆ, ಇವನು ಸಂಜೆಯವರೆಗೂ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಅಷ್ಟರಲ್ಲಿ ಹಿತ್ತಿಲಿಂದ ಬಂದ ಎಮ್ಮೆ ಒಣಹಾಕಿದ ಅವರೆಕಾಳೆಲ್ಲ ತಿಂದು ಹೋಗಿರುತ್ತಿತ್ತು.

ಚಿಕ್ಕತಾಯಮ್ಮನಿಗೆ ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನುವ ಹಾಗೆ ಚಡಪಡಿಕೆ. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವವರು ಯಾರು? ಹೇಳುವವರಾದರೂ ನೆಟ್ಟಗೆ ಹೇಳುತ್ತಾರೋ ಇಲ್ಲವೋ? ಇದೇ ಕೊರಗು ಅವಳಿಗೆ.

ದೀಪಾವಳಿಗೆ ಅವಳ ಅಣ್ಣ ಮಂಚಯ್ಯ ಬಂದ. ಅವನಿಗೆ ಹೊನ್ನಿ ಅಂತ ಮದುವೆಗೆ ಬಂದ ಮಗಳು. ಅವನು ಮಡಿಲಿಂದ ಒಂದು ಗಂಟು ಬಿಚ್ಚಿ ಮುಂದಿಟ್ಟ. ಒಳಗೆ ಒಂದು ಜೊತೆ ಕಡಕು. ಕಡಕು ಅಂದರೆ ಗಂಡಸರು ಕಿವಿಗೆ ಹಾಕುವ ಚಿನ್ನದ ಒಡವೆ; ಇದು ಅವರಪ್ಪ ಸಾಯುವ ತನಕ ಹಾಕಿಕೊಂಡಿದ್ದದ್ದು. ಅಪ್ಪನ ಕಡಕು ಯಾವ ಮೊಮ್ಮಗನ ಕಿವಿಯಲ್ಲಿ ತೂಗುತ್ತದೋ ಅವನಿಗೇ ಹೊನ್ನಿಯನ್ನು ಕೊಡುತ್ತೇನೆ, ಅದು ಅಪ್ಪನ ಮಾತು, ವೈಶಾಖದೊಳಗೆ ಆಗಬೇಕು ಅಂದ. ಆಗದಿದ್ದರೆ ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ ಅಂತ ಎದ್ದು ಹೋದ.

ಕರಿಗನ ಕಿವಿ ಚಿಕ್ಕಂದಿನಲ್ಲಿ ಚುಚ್ಚಿಸಿದ್ದು. ತೂತಿನಲ್ಲಿ ದಬ್ಬಳ ತೂರಿದರೆ ಹೆಚ್ಚು. ಕಡಕಿನ ತಿರುಪೋ, ಮೂರು ಬೇವಿನ ಕಡ್ಡಿ ಸೇರಿಸಿ ಹಿಡಿದಷ್ಟು ದಪ್ಪ. ಚಿಕ್ಕತಾಯಮ್ಮ ಮಗನನ್ನು ಎಳೆದುಕೊಂಡು ಅಕ್ಕಸಾಲಿ ವೀರಾಚಾರಿಯ ಮನೆಗೆ ಓಡಿದಳು. ಊರಿನ ಕಿವಿಯೆಲ್ಲ ಚುಚ್ಚಿದವರು ಅವರೇ.

ಆಚಾರಿ ಕಿವಿಯ ಹಾಲೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಇದು ಚರ್ಮದ ಚೀಲವಲ್ಲ, ಜೀವ ಇರುವ ಮಾಂಸ, ಅವಸರ ಮಾಡಿದರೆ ಸೀಳಿಹೋಗುತ್ತದೆ ಅಂದರು. ಈಗ ತೂತಿಗೆ ಒಂದೇ ಬೇವಿನ ಕಡ್ಡಿ. ತೂತು ತಾನಾಗಿ ಸಡಿಲವಾದ ಮೇಲೆ ಇನ್ನೊಂದು. ಅದಕ್ಕೂ ಒಗ್ಗಿದ ಮೇಲೆ ಮುಂದಿನದು. ಕೈ ತೊಳೆಯದೆ ಮುಟ್ಟಬಾರದು. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆಯಬೇಕು. ಇಷ್ಟು ಹೇಳಿ ಕರಿಗನ ಕಡೆ ತಿರುಗಿ, "ಕಿವಿಯ ತೂತಿಗೆ ದಿನಾ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡು" ಅಂದರು.

ಆಗಲಿ ಅಂದ ಕರಿಗ. ಹೇಳಿದ ಹಾಗೇ ಮಾಡಿದ.

ಎಂಟು ದಿನ ಕಳೆಯಿತು. ಚಿಕ್ಕತಾಯಮ್ಮ ಕರೆದರೆ ಮಗ ತಿರುಗಿಯೂ ನೋಡಲಿಲ್ಲ. ಹತ್ತಿರ ಹೋಗಿ ಕೂಗಿದಳು, ನಕ್ಕ. ಇನ್ನೂ ಹತ್ತಿರ ಹೋಗಿ ನೋಡುತ್ತಾಳೆ, ಕಿವಿಯೊಳಗಿಂದ ಎಣ್ಣೆ ಕತ್ತಿನ ಮೇಲೆ ಇಳಿಯುತ್ತಿದೆ! ಕೆಳಗೆ ಹಾಲೆ ಮಾತ್ರ ಒಣಗಿ ಕಡ್ಡಿಗೆ ಅಂಟಿಕೊಂಡಿದೆ. ದೇವರು ಕೊಟ್ಟ ತೂತಿಗೆ ಬಿಟ್ಟಿದ್ದ, ಆಚಾರಿ ಚುಚ್ಚಿದ ತೂತನ್ನು ಮರೆತಿದ್ದ. ಅವನ ತಲೆ ವಾಲಿಸಿ ಎಣ್ಣೆ ಬಸಿದು, ಹಾಲೆಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸುವ ಹೊತ್ತಿಗೆ ಅವಳಿಗೆ ಸಾಕಾಯಿತು. ಎಣ್ಣೆಯನ್ನು ಒಳಗೆ ಬಿಡುವುದಲ್ಲ ಕಣೊ, ಬೆರಳ ತುದಿಯಲ್ಲಿ ತಗೊಂಡು ಹೊರಗಡೆ ತೆಳ್ಳಗೆ ಸವರಬೇಕು ಅಂತ ಬೈದಳು.

ಆಗಲಿ ಅವ್ವ ಅಂದ ಕರಿಗ.

ಆಮೇಲೆ ಒಂದು ಸಂಜೆ ಮಂಚಯ್ಯ ತಾಂಬೂಲ ಬದಲಾಯಿಸಲು ಬಂದ, ಜೊತೆಗೆ ಹೊನ್ನಿಯೂ ಬಂದಳು. ಚಿಕ್ಕತಾಯಮ್ಮ ಒಲೆ ಮುಂದೆ ಇದ್ದವಳು, ದೀಪಕ್ಕೆ ಎಣ್ಣೆ ಹಾಕೊ ಅಂತ ಒಳಗಿಂದಲೇ ಕೂಗಿದಳು. ಕರಿಗ ಕೈ ತೊಳೆದ. ಬೆರಳ ತುದಿಯಲ್ಲಿ ಎಣ್ಣೆ ತಗೊಂಡ. ದೀಪದ ಹೊರಮೈಗೆಲ್ಲ ತೆಳ್ಳಗೆ ಸವರಿದ. ಹಿತ್ತಾಳೆ ದೀಪ ಥಳಥಳ ಹೊಳೆಯಿತು. ಒಳಗೆ ಬತ್ತಿ ಮಾತ್ರ ಒಣಗಿ, ಮಂಚಯ್ಯ ತಟ್ಟೆ ಚಾಚುವ ಹೊತ್ತಿಗೆ ಸರಿಯಾಗಿ ಪುಸ್ಸೆಂದು ಆರಿತು. ಕತ್ತಲಲ್ಲಿ ಹೊನ್ನಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಅವರಪ್ಪ ನಗಲಿಲ್ಲ. ತಟ್ಟೆ ಹಿಂದಕ್ಕೆ ತಗೊಂಡ. ಕಡಕು ಕಿವಿಗೆ ಏರಿದ ದಿನ ನೋಡೋಣ ಅಂದು ಮಗಳನ್ನು ಎಬ್ಬಿಸಿಕೊಂಡು ಹೊರಟ.

ಚಿಕ್ಕತಾಯಮ್ಮ ಬೀದಿಯ ಕೊನೆಯವರೆಗೂ ಅಣ್ಣನ ಹಿಂದೆ ಹೋಗಿ, ಬರಿಗೈಯಲ್ಲಿ ವಾಪಸು ಬಂದು ಮಗನ ಮುಂದೆ ನಿಂತಳು. ಯಾವುದನ್ನೇ ಆಗಲಿ ತುಂಬುವುದಾದರೆ ಭರ್ತಿ ತುಂಬಬೇಕು, ಒಂದು ಚೂರೂ ಜಾಗ ಬಿಡಬಾರದು ಅಂತ ಹೇಳಿದಳು.

ಆಗಲಿ ಅವ್ವ ಅಂದ ಕರಿಗ.

ಒಂದೂವರೆ ತಿಂಗಳಿಗೆ ತೂತು ಕೊಂಚ ಸಡಿಲವಾಯಿತು. ಚಿಕ್ಕತಾಯಮ್ಮ ಅವತ್ತು ನಾಟಿಗೆ ಹೋಗುವ ಅವಸರದಲ್ಲಿದ್ದಳು. ಕಡ್ಡಿ ತೊಳೆದು ಹಾಕ್ಕೊ ಕಣೊ, ತೂತು ತುಂಬಿರಲಿ ಅಂದು ಓಡಿದಳು. ಕರಿಗ ಎರಡನೇ ಕಡ್ಡಿ ಹಾಕಿದ. ಬೆರಳಾಡಿಸಿ ನೋಡಿದ, ಅಂಚಿನಲ್ಲಿ ಚೂರು ಜಾಗ ಇದ್ದ ಹಾಗೆ ಕಂಡಿತು. ಹಲ್ಲು ಕಚ್ಚಿಕೊಂಡು ಮೂರನೆಯದನ್ನೂ ತೂರಿಸಿದ. ಸಂಜೆ ತಾಯಿ ಬಂದಾಗ ಎರಡು ಕಿವಿಯೂ ಗುಂಡುಬದನೆಕಾಯಿಯ ಹಾಗೆ ಊದಿ ಕೆಂಪಗಾಗಿದ್ದವು. ಅವನ ಕಣ್ಣಲ್ಲಿ ನೀರು ಹರಿಯುತ್ತಿತ್ತು, ಆದರೂ ಜಾಗ ಬಿಟ್ಟಿಲ್ಲ ಅವ್ವ ಅಂದ.

ಆಚಾರಿ ಎಲ್ಲ ಕಡ್ಡಿ ತೆಗೆದು, ತೊಳೆದು, ಊತ ಇಳಿಯುವ ತನಕ ದಿನಾ ನೋಡಿ, ಕೊನೆಗೆ ಮೊದಲಿನ ಒಂದೇ ಕಡ್ಡಿ ಹಾಕಿದರು. ಒಂದು ತಿಂಗಳು ದಂಡವಾಯಿತು. ಅವರು ಕರಿಗನ ಗಲ್ಲ ಹಿಡಿದು ಹೇಳಿದರು: "ಉರಿ ಕಂಡರೆ ಮುಂದಕ್ಕೆ ನುಗ್ಗಬಾರದು. ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಮತ್ತೂ ಉರಿ ಕಂಡರೆ ಇನ್ನೊಂದು ಹೆಜ್ಜೆ ಹಿಂದಕ್ಕೆ." ಕಿವಿ ಉರಿದರೆ ಒಂದು ಕಡ್ಡಿ ಕಡಿಮೆ ಮಾಡು ಅನ್ನುವುದು ಅವರ ಅರ್ಥ.

ಆಗಲಿ ಅಂದ ಕರಿಗ.

ಮಾರನೇ ವಾರ ಚಿಕ್ಕತಾಯಮ್ಮ ಹುರುಳಿ ಬೇಯಲು ಇಟ್ಟು, ಒಲೆ ಕಡೆ ಗಮನ ಇರಲಿ ಅಂದು ನೀರಿಗೆ ಹೋದಳು. ಸೌದೆ ಹೊತ್ತಿಕೊಂಡು ಉರಿ ಎದ್ದಿತು. ಕರಿಗ ಒಂದು ಹೆಜ್ಜೆ ಹಿಂದಕ್ಕೆ ಹೋದ. ಉರಿ ಪಕ್ಕದ ಪುಳ್ಳೆಗೆ ತಾಗಿತು. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದ. ಸೂರಿನ ಗರಿಗೆ ತಾಗಿತು. ಹೊಸಿಲು ದಾಟಿ ಹಿಂದಕ್ಕೆ ಹೋದ. ಚಿಕ್ಕತಾಯಮ್ಮ ಕೊಡ ಹೊತ್ತು ಬರುವಾಗ ಮಗ ಬೆನ್ನು ಮುಂದೆ ಮಾಡಿಕೊಂಡು, ಕಣ್ಣು ಮಾತ್ರ ಮನೆ ಮೇಲೆ ನೆಟ್ಟು, ಅರಳಿಕಟ್ಟೆಯ ತನಕ ಬಂದಿದ್ದ. ಊರವರು ಓಡಿಬಂದು ಆರಿಸುವ ಹೊತ್ತಿಗೆ ಅಡುಗೆಮನೆಯ ಅರ್ಧ ಸೂರು ಹೋಗಿತ್ತು. ಅವಳು ಮಸಿ ಮೆತ್ತಿದ ಕೈಯಲ್ಲೇ ತಲೆ ಚಚ್ಚಿಕೊಂಡಳು. ಉರಿ ಅಂದರೆ ಊರನ್ನೆಲ್ಲ ಕೂಗಿ ಕರೆಯಬೇಕು, ಕೊಡಗಟ್ಟಲೆ ನೀರು ಹುಯ್ಯಿಸಬೇಕು ಅಂತ ಹೇಳಿದಳು.

ಆಗಲಿ ಅವ್ವ ಅಂದ ಕರಿಗ.

ಮಾಘದಲ್ಲಿ ಆಚಾರಿ ತಾವೇ ಕೂತು, ಎಣ್ಣೆ ಸವರಿ, ನಿಧಾನಕ್ಕೆ ಎರಡನೇ ಕಡ್ಡಿ ಹಾಕಿದರು. ಮಾರನೇ ದಿನ ಎಡಗಿವಿ ಚೂರು ಚುರುಗುಟ್ಟಿತು. ಕರಿಗ ಬೀದಿಗೆ ಓಡಿ, ಉರಿ ಉರಿ ಅಂತ ಕೂಗಿದ. ಮೊನ್ನೆ ತಾನೇ ಬೆಂಕಿ ಕಂಡ ಊರು. ಇದ್ದಬದ್ದವರೆಲ್ಲ ಕೊಡ ತುಂಬಿಕೊಂಡು ಏದುಸಿರು ಬಿಡುತ್ತ ಬಂದರು. ಎಲ್ಲೊ, ಎಲ್ಲೊ ಅಂದರು. ಕರಿಗ ಕಿವಿ ತೋರಿಸಿ, ಹುಯ್ಯಿರಿ ಅಂದ. ಕುಂಬಾರರ ಮುದುಕಿಯೊಬ್ಬಳು ಸಿಟ್ಟಿಗೆ ಮೊದಲ ಕೊಡ ಅವನ ತಲೆ ಮೇಲೆ ಬೋರಲು ಹಾಕಿದಳು. ಆಮೇಲೆ ಉಳಿದವರೂ ಹಿಂದೆ ಬೀಳಲಿಲ್ಲ.

ಚಿಕ್ಕತಾಯಮ್ಮ ನಡುಗುತ್ತಿದ್ದ ಮಗನ ತಲೆ ಒರೆಸುತ್ತ ಬೆರಳು ಮಡಚಿ ತಿಂಗಳು ಎಣಿಸಿದಳು. ಮತ್ತೆ ಎಣಿಸಿದಳು. ಆದರೆ ಒಂದು ವಿಷಯ ಅವಳೂ ಗಮನಿಸಿದಳು. ಅವನು ಒಂದು ದಿನವೂ ಉಪ್ಪುನೀರು ತಪ್ಪಿಸಿರಲಿಲ್ಲ, ಕೈ ತೊಳೆಯದೆ ಮುಟ್ಟಿರಲಿಲ್ಲ. ಕಿವಿ ಮೆತ್ತಗೆ, ಕೀವಿಲ್ಲದೆ, ನಿಧಾನಕ್ಕೆ ಹಿಗ್ಗುತ್ತಿತ್ತು.

ಫಾಲ್ಗುಣ ಕಳೆಯುವಾಗ ಆಚಾರಿ ಕಡ್ಡಿ ತೆಗೆದು ತಾಳೆಗರಿಯ ಸುರುಳಿ ಹಾಕಿದರು. ಸುತ್ತಿದ ಓಲೆ ತಾನಾಗಿ ಬಿಚ್ಚಿಕೊಳ್ಳುತ್ತ ತೂತನ್ನು ಅಗಲ ಮಾಡುತ್ತದೆ. ಅದರ ಪಾಡಿಗೆ ಅದು ಬಿಚ್ಚಿಕೊಳ್ಳಲಿ, ನೀನು ಹಿಡಿಯಬೇಡ, ಎಳೆಯಬೇಡ, ಸುಮ್ಮನೆ ಇರು ಅಂದರು.

ಆಗಲಿ ಅಂದ ಕರಿಗ.

ಕಿವಿ ಹಿಗ್ಗುತ್ತಿರುವ ಸುದ್ದಿ ಕೇಳಿ, ಕಡಕು ಏರುವ ದಿನವೇ ಧಾರೆ ಅಂತ ಮಂಚಯ್ಯ ಹೇಳಿಕಳಿಸಿದ್ದ. ಬೀಗರ ಊಟಕ್ಕೆಂದು ಚಿಕ್ಕತಾಯಮ್ಮ ಒಂದು ಹೋತ ಗೊತ್ತು ಮಾಡಿದ್ದಳು. ಅದನ್ನು ಹಿಡಿದುಕೊಂಡು ಬಾ ಅಂತ ಮಗನನ್ನು ಕಳಿಸಿದಳು. ದಾರಿಯಲ್ಲಿ ಕೊರಳ ಹಗ್ಗದ ಗಂಟು ಸಡಿಲವಾಯಿತು. ಕರಿಗ ನಿಂತು ನೋಡಿದ. ಹಗ್ಗ ಬಿಚ್ಚಿಕೊಂಡಿತು. ಹಿಡಿಯಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇದ್ದ. ಹೋತ ಒಂದು ಸಲ ಇವನ ಮುಖ ನೋಡಿ, ಗುಡ್ಡ ಹತ್ತಿ ಹೋಯಿತು. ಬರೀ ಹಗ್ಗ ಹಿಡಿದು ಬಂದವನಿಗೆ ತಾಯಿ ಹೇಳಿದಳು: "ಇನ್ನು ಮುಂದೆ ಹಗ್ಗವೋ ದಾರವೋ ಕೈಗೆ ಸಿಕ್ಕಿದ ಕೂಡಲೇ ಹೋಗಿ ಕಂಬಕ್ಕೆ ಕಟ್ಟು. ಒಂದಲ್ಲ, ಮೂರು ಗಂಟು ಹಾಕು. ಯಾರು ಹೇಳಿದರೂ ಬಿಚ್ಚಬೇಡ."

ಆಗಲಿ ಅವ್ವ ಅಂದ ಕರಿಗ.

ವೈಶಾಖ ಬಂತು. ಧಾರೆಯ ದಿನ ಬೆಳಿಗ್ಗೆ ಆಚಾರಿ ಹೆಣ್ಣಿನ ಮನೆಯಲ್ಲೇ ಓಲೆ ತೆಗೆದು, ತೊಳೆದು, ಎಣ್ಣೆ ಸವರಿ ಕಡಕು ಏರಿಸಿದರು. ನೋವಿಲ್ಲ, ನೆತ್ತರಿಲ್ಲ, ಸಲೀಸಾಗಿ ಹೋಗಿ ಕೂತಿತು. ಅಜ್ಜನ ಕಿವಿಯಲ್ಲಿ ತೂಗಿದ್ದ ಹಾಗೇ ತೂಗಿತು. ಚಿಕ್ಕತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮಂಚಯ್ಯನೂ ಎರಡು ಸಲ ಮುಟ್ಟಿ ನೋಡಿದ. ಆಚಾರಿ ಮಾತ್ರ ಇನ್ನೂ ಎಳೇ ಕಿವಿ, ಜೋಪಾನ ಅಂದರು. ದಾರ, ನೂಲು ಏನನ್ನೂ ಕಿವಿ ಹತ್ತಿರ ತರಬೇಡ, ಒಡವೆಗೆ ಸಿಕ್ಕಿಕೊಂಡರೆ ಹಾಲೆ ಹರಿದೇ ಹೋಗುತ್ತದೆ ಅಂತ ಹೇಳಿದರು.

ಆಗಲಿ ಅಂದ ಕರಿಗ.

ಮಂಚಯ್ಯನ ಮನೆ ಮುಂದೆ ಚಪ್ಪರ. ನಡುವೆ ಹಸಿರು ಸೊಪ್ಪು ಕಟ್ಟಿ, ಹಾಲು ಹುಯ್ದು ನೆಟ್ಟ ಹಾಲುಗಂಬ. ಐನೋರು ತಾಳಿಯ ದಾರ ಕರಿಗನ ಕೈಗೆ ಕೊಟ್ಟು, ಮೂರು ಗಂಟು ಹಾಕಪ್ಪ ಅಂದರು. ವಾಲಗ ಜೋರಾಯಿತು. ಕರಿಗ ದಾರ ನೋಡಿದ. ಹೊನ್ನಿಯ ಕಡೆ ನೋಡಿದ. ಅವಳ ಕಿವಿಯಲ್ಲಿ ಹೊಸ ಚಿನ್ನದ ಓಲೆ, ಕೆಳಗೆ ಜುಮುಕಿ. ಸ್ವಲ್ಪ ಹೊತ್ತು ಯೋಚಿಸಿದ. ಎದ್ದ. ನೆಟ್ಟಗೆ ಹಾಲುಗಂಬದ ಹತ್ತಿರ ಹೋಗಿ ತಾಳಿ ಸುತ್ತಿದ. ಒಂದು ಗಂಟು, ಎರಡು ಗಂಟು, ಮೂರು ಗಂಟು.

ವಾಲಗ ನಿಂತಿತು.

"ಏನು ಮಾಡಿದ್ಯೊ" ಅಂದಳು ಚಿಕ್ಕತಾಯಮ್ಮ.

"ಮೂರು ಗಂಟು ಕಂಬಕ್ಕೆ ಹಾಕು ಅಂತ ನೀನು ಹೇಳಿದ್ದೆ. ದಾರ ಕಿವಿ ಹತ್ತಿರ ತರಬೇಡ ಅಂತ ಆಚಾರ್ರು ಹೇಳಿದ್ರು. ಹೊನ್ನಿಗೆ ಕಿವಿ ಅದೆ ಅವ್ವ, ಹರಿದರೆ ಎಷ್ಟು ಉರಿಯುತ್ತೆ ಅಂತ ನಂಗೊತ್ತು. ಕಂಬಕ್ಕೆ ಕಿವಿ ಇಲ್ಲ."

ಕಟ್ಟಿದ ತಾಳಿ ಬಿಚ್ಚುವುದು ಅಶುಭ ಅಂದರು ಹೆಂಗಸರು. ಬಿಚ್ಚಲು ಕರಿಗನೂ ಬಿಡಲಿಲ್ಲ, ಕಂಬ ತಬ್ಬಿಕೊಂಡು ನಿಂತ. ಮುಹೂರ್ತ ಜಾರುತ್ತಿದೆ ಅಂತ ಐನೋರು ಚಡಪಡಿಸಿದರು. ಮಂಚಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿದ. ಇನ್ನೇನು ಮದುವೆ ಮುರಿಯಿತು ಅನ್ನುವುದು ಚಿಕ್ಕತಾಯಮ್ಮನಿಗೆ ತಿಳಿದುಹೋಯಿತು. ಆಗ ಹಸೆಮಣೆ ಮೇಲಿಂದ ಹೊನ್ನಿ ತಲೆ ಎತ್ತಿದಳು.

"ಅಪ್ಪ, ಕಂಬ ಕೀಳಿಸು" ಅಂದಳು. "ನನ್ನ ಕಿವಿಗೆ ನೋವಾಗುತ್ತೆ ಅಂತ ಯೋಚನೆ ಮಾಡಿದವನು ಇವನೊಬ್ಬನೇ. ನೆಟ್ಟಗೆ ಹೇಳೋದನ್ನ ನಾನು ಕಲೀತೀನಿ."

ಮಂಚಯ್ಯ ಮಗಳನ್ನೇ ನೋಡಿದ. ಆಮೇಲೆ ತಾನೇ ಪಂಚೆ ಎತ್ತಿ ಕಟ್ಟಿ ಕಂಬಕ್ಕೆ ಕೈ ಹಾಕಿದ. ನಾಲ್ಕು ಜನ ಸೇರಿ ಕಿತ್ತರು. ಚಪ್ಪರ ಒಂದು ಕಡೆ ವಾಲಿತು. ತಾಳಿಯನ್ನು ಗಂಟು ಬಿಚ್ಚದೆ ಬುಡದಿಂದ ಜಾರಿಸಿ ತೆಗೆದು, ಹಾಗೇ ಹೊನ್ನಿಯ ತಲೆ ಮೇಲಿಂದ ಇಳಿಸಿದರು. ಇಳಿಸುವಷ್ಟು ಹೊತ್ತೂ ಕರಿಗ, ಕೈ ತೊಳೆದುಕೊಂಡು ಬಂದು, ದಾರ ಸೋಕದ ಹಾಗೆ ಅವಳ ಎರಡು ಕಿವಿಯನ್ನೂ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ.

ಮಾರನೇ ದಿನ ಗಾಡಿ ಕಟ್ಟಿದರು. ಹೊನ್ನಿ ಹತ್ತಿ ಕೂತಳು, ಚಿಕ್ಕತಾಯಮ್ಮ ಪಕ್ಕದಲ್ಲಿ ಕೂತಳು. ಆರು ತಿಂಗಳಿಂದ ಕೂತಲ್ಲಿ ಕೂರದವಳು ಮೊದಲ ಸಲ ಬೆನ್ನು ಒರಗಿಸಿ ಉಸಿರು ಬಿಟ್ಟಳು. ಮಗ ಎಲ್ಲಿ ಅಂತ ತಿರುಗಿದರೆ, ಕರಿಗ ಹಾಲುಗಂಬವನ್ನು ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದ. ಅದಕ್ಕೆ ಅರಿಶಿನ ಕುಂಕುಮ ಬೇರೆ ಹಚ್ಚಿದ್ದ.

ಅದು ಯಾಕೊ ಅಂತ ಕೇಳಿದಳು.

"ಮೊದಲು ತಾಳಿ ಕಟ್ಟಿದ್ದು ಇವಳಿಗಲ್ವಾ ಅವ್ವ" ಅಂದ ಕರಿಗ. "ತವರಲ್ಲೇ ಬಿಟ್ಟು ಬಂದರೆ ನಾಲ್ಕು ಜನ ಏನಂತಾರೆ?"

ಹೊನ್ನಿ ಸೀರೆ ಸರಿಮಾಡಿಕೊಂಡು, ಗಾಡಿಯಲ್ಲಿ ಆ ಕಡೆ ಸರಿದು, ಕಂಬವನ್ನು ಉದ್ದಕ್ಕೆ ಮಲಗಿಸುವಷ್ಟು ಜಾಗ ಬಿಟ್ಟಳು.