ಮೂಲೆಯ ಚುಕ್ಕಿ

ಹೊಳೆಯ ದಂಡೆಯ ಆ ಮಠಕ್ಕೆ ಮಠವೆನ್ನುವುದೇ ದೊಡ್ಡ ಮಾತು. ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಗಿಡ, ಗಿಡದ ಕೆಳಗೆ ಕಟ್ಟೆ. ಆ ಕಟ್ಟೆಯ ಮೇಲೆ ಪೂಜ್ಯ ಶ್ರೀ ಅಡಿವೆಯ್ಯ ಅಜ್ಜನವರು ಕುಳಿತು ಕೌದಿ ಹೊಲಿಯುತ್ತಿದ್ದರು. ಭಕ್ತರು ತಂದುಕೊಟ್ಟ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಅವರು ಹೊಲಿದ ಕೌದಿಗಳು ಆ ಸೀಮೆಯ ಎಷ್ಟೋ ಬಡವರ ಮೈ ಬೆಚ್ಚಗಿಟ್ಟಿವೆ. ಉಪದೇಶ ಕೇಳಲು ಬಂದವರಿಗೆ ಅಜ್ಜನವರು ಮೊದಲು ಸೂಜಿಗೆ ದಾರ ಪೋಣಿಸುವ ಕೆಲಸ ಕೊಡುತ್ತಿದ್ದರು. ದೊಡ್ಡ ದೊಡ್ಡ ಪಂಡಿತರು ಆ ಸೂಜಿಯ ಮುಂದೆ ಬೆವರಿದ್ದುಂಟು.

ಒಂದು ಗುರುವಾರ ಬೆಳಿಗ್ಗೆ ಯಮನೂರಪ್ಪ ಅಲ್ಲಿಗೆ ಬಂದ. ಹೊಳೆಯಾಚೆಯ ಊರಿನ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಿನಿಮಾ ಓಡಿಸುವ ಆಪರೇಟರ್ ಅವನು. ಕಂಕುಳಲ್ಲಿ ಒಂದು ಗಂಟು, ಗಂಟಿನಲ್ಲಿ ಅವನೇ ಕೆಮ್ಮಣ್ಣಿನಲ್ಲಿ ಅದ್ದಿ ಒಣಗಿಸಿದ ಧೋತರ. ಸನ್ಯಾಸಕ್ಕೆ ಗುರುಗಳು ಒಪ್ಪುವುದು ಬಾಕಿ ಇತ್ತು, ಕಾವಿ ಬಟ್ಟೆ ಮಾತ್ರ ಸಿದ್ಧವಾಗಿತ್ತು.

ಅವನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಒಂದು ಸಿನಿಮಾ ಎಂದರೆ ಹತ್ತು ಹತ್ತು ನಿಮಿಷದ ಹದಿನಾಲ್ಕು ಹದಿನೈದು ರೀಲು, ಅದನ್ನು ಓಡಿಸಲು ಎರಡು ಮಷೀನು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಪರದೆಯ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಹೋಗುತ್ತದೆ. ಕೂಡಲೇ ಇನ್ನೊಂದು ಮಷೀನು ಶುರು ಮಾಡಬೇಕು. ತಪ್ಪಿತೋ, ಪರದೆ ಬೆಳ್ಳಗಾಗಿ ಜನ ಸೀಟಿ ಹೊಡೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಯಮನೂರಪ್ಪ ಹೆಂಡತಿ ನೀಲಗಂಗವ್ವನನ್ನು ಮಷೀನಿನ ಕೋಣೆಗೆ ಕರೆದೊಯ್ದು ಇದನ್ನೆಲ್ಲ ಬಿಡಿಸಿ ಹೇಳಿದ್ದ. ಆಮೇಲೆ ಅವಳ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅವನಿಗೇ ನೆನಪಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಎದ್ದು ಮೈಗೆ ಅದೇ ರೂಢಿಯಾಗಿಬಿಟ್ಟಿತ್ತು. ಊಟಕ್ಕೆ ಕೂತರೆ ಅವಳು ಎರಡನೆಯ ರೊಟ್ಟಿ ತರುವಷ್ಟರಲ್ಲಿ ತಾಟಿನ ಮುಂದೆ ಅವನಿರುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಅವಳು ತಾಟು ಮುಚ್ಚಿಡುತ್ತಿದ್ದಳು.

ಅವನು ಅಜ್ಜನವರಿಗೆ ಅಡ್ಡಬಿದ್ದು, ಎದ್ದವನೇ ಮಾತು ಶುರು ಮಾಡಿದ. "ನನಗ ಕಾವಿ ಕೊಡ್ರಿ ಅಜ್ಜಾರ. ಪ್ರೀತಿ ಅನ್ನೂದು ಬರೇ ಸುಳ್ಳು. ದಿನಕ್ಕ ಮೂರು ಸಲ ಅದ ಹುಡುಗಿ ಅದ ಜಾಗಾದಾಗ ಅಳತಾಳ, ಮಂದಿನೂ ಅಳತಾರ. ನಾ ಹಿಂದ ನಿಂತು ನೋಡೀನಿ. ಒಂದು ಬೆಳಕು, ಒಂದು ಬಿಳೀ ಅರಿವಿ ಪರದೆ, ಅಷ್ಟ. ಈಗ ಮನೀಗೆ ಹೋದ್ರೂ ಹಂಗ ಕಾಣತೈತಿ. ಅಕಿ ಅದಾಳ, ನಾ ಅದೀನಿ, ನಡುವ ಏನೂ ಇಲ್ಲ. ಎಲ್ಲೂ ಕುಂದರಾಕ ಆಗವಲ್ದು."

ಹೇಳುತ್ತ ಹೇಳುತ್ತ ಎದ್ದು ನಿಂತ, ಬೇವಿನ ಗಿಡದ ಸುತ್ತ ಒಂದು ಸುತ್ತು ಹಾಕಿ ಮತ್ತೆ ಕೂತ. ಅಜ್ಜನವರು ಅವನ ಕಡೆ ಒಮ್ಮೆ ನೋಡಿ ಹೊಲಿಗೆ ಮುಂದುವರಿಸಿದರು.

"ಭಾಳ ದಿನ ಓಡಿದ ಸಿನಿಮಾ ಯಾವದಪ್ಪಾ?"

"ಒಬ್ಬ ಅಂಬಿಗನ ಕಥೀರಿ. ಇಪ್ಪತ್ತೈದು ವಾರ ಓಡಿಸೀನಿ."

"ಕಡೀಕ ಏನಾತು?"

ಅಂಬಿಗ ದೋಣಿ ಹತ್ತಿದ್ದು ಯಮನೂರಪ್ಪನಿಗೆ ಗೊತ್ತಿತ್ತು, ಹೊಳೆ ತುಂಬಿ ಬಂದದ್ದು ಗೊತ್ತಿತ್ತು. ಕಡೆಯ ರೀಲು ಓಡುವಾಗ ಅವನು ದಿನವೂ ಬೆನ್ನು ತಿರುಗಿಸಿ, ಮುಂದಿನ ಆಟಕ್ಕೆಂದು ಉಳಿದ ರೀಲುಗಳನ್ನು ಮರಳಿ ಸುತ್ತುತ್ತಿದ್ದ. ಆ ಅಂಬಿಗ ದಡ ಸೇರಿದನೋ ಮುಳುಗಿದನೋ, ಇಪ್ಪತ್ತೈದು ವಾರ ಓಡಿಸಿದವನಿಗೆ ತಿಳಿಯದು.

"ಕಡೀತನಕ ಕುಂತು ನೋಡದನ ಸುಳ್ಳು ಅಂದ್ಯಾ?" ಎಂದರು ಅಜ್ಜನವರು. "ಒಂದು ಸಿನಿಮಾ ನಿನ್ನ ಹೇಣ್ತಿ ಮಗ್ಗಲ ಕುಂತು ಪೂರಾ ನೋಡಿ ಬಾ. ಈ ಕಾವಿ ಅರಿವಿ ಇಲ್ಲೇ ಇಟ್ಟು ಹೋಗು."

ಯಮನೂರಪ್ಪನಿಗೆ ಸಿಟ್ಟು ನೆತ್ತಿಗೇರಿತು. ವೇದಾಂತ ಕೇಳಲು ಬಂದವನಿಗೆ ಸಿನಿಮಾ ನೋಡೆನ್ನುವ ಸ್ವಾಮಿಗಳು ಸಿಕ್ಕಿದ್ದರು! ಆದರೂ ಗುರುವಾಕ್ಯ ಮೀರುವ ಧೈರ್ಯ ಇರಲಿಲ್ಲ. ಗಂಟನ್ನು ಕಟ್ಟೆಯ ಮೇಲೇ ಬಿಟ್ಟು ಹೊರಟ. ಮರುದಿನ ಮಷೀನನ್ನು ಇನ್ನೊಬ್ಬ ಆಪರೇಟರ್ ಮೌಲಾಸಾಬನಿಗೆ ಒಪ್ಪಿಸಿ, ಮಧ್ಯಾಹ್ನದ ಆಟಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಹೆಂಗಸರ ಬೆಂಚಿನ ಕೊನೆಗೆ ಮುದುಡಿ ಕೂತ. ಸುತ್ತಲಿನವರು ಸೆರಗಿನ ಮರೆಯಲ್ಲಿ ನಕ್ಕರು.

ದೀಪ ಆರಿತು. ಅವನ ಕಾಲು ಆಗಲೇ ಅಲುಗಾಡತೊಡಗಿತ್ತು. ಮಷೀನಿನ ಸದ್ದು ಇಲ್ಲಿಗೆ ಕೇಳದೆ ಜೀವ ಚಡಪಡಿಸಿತು. ಮಷೀನಿನ ದೀಪದ ಕಾರ್ಬನ್ ಉರಿ ಇಳಿದಿದೆಯೇ, ಮೌಲಾ ರೀಲು ಸರಿಯಾಗಿ ಏರಿಸಿದ್ದಾನೆಯೇ? ಪರದೆಯ ಮೇಲೆ ಯಾರೋ ನಕ್ಕರು, ಯಾರೋ ಜಗಳಾಡಿದರು, ಅವನ ತಲೆಗೆ ಒಂದೂ ಹೋಗಲಿಲ್ಲ. ಹತ್ತು ನಿಮಿಷವಾಗುತ್ತಲೇ ಅರಿವಿಲ್ಲದೆ ಅರ್ಧ ಎದ್ದ. ಅಂಗಿಯ ಚುಂಗು ಯಾರೋ ಹಿಡಿದಂತಾಯಿತು.

"ಕುಂದರ್ರಿ," ಎಂದಳು ನೀಲಗಂಗವ್ವ ಮೆಲ್ಲಗೆ. "ಚುಕ್ಕಿ ಇನ್ನೂ ಬಂದಿಲ್ಲ."

ಅವನು ಬೆರಗಾಗಿ ಅವಳ ಕಡೆ ತಿರುಗಿದ. ಅವಳ ಕಣ್ಣು ಪರದೆಯ ಮೇಲ್ಮೂಲೆಯಲ್ಲಿ ನೆಟ್ಟಿತ್ತು. ಚುಕ್ಕಿ ಮಿಂಚಿತು.

"ಈಗ ಬಂತ್ ನೋಡ್ರಿ."

"ನೀ ಯಾವಾಗ ಇದನ್ನ ನೋಡಾಕ ಹತ್ತಿದಿ?"

"ನೀವ ತೋರಿಸಿದ್ರಲ್ಲ. ಅವತ್ತಿಂದ ಪ್ರತಿ ಶುಕ್ರವಾರ ಬರತೀನಿ. ಕಥೀ ನನಗೂ ಅಷ್ಟಕ್ಕಷ್ಟ. ಚುಕ್ಕಿ ಬಂದ್ರ ಒಳಗ ನೀವು ಎದ್ರಿ, ಮಷೀನಿಗೆ ಕೈ ಹಾಕಿದ್ರಿ ಅಂತ ತಿಳೀತಿತ್ತು. ಅಷ್ಟ ಸಾಕಾಗತಿತ್ತು."

ಇಷ್ಟು ವರ್ಷ ಗೋಡೆಯ ಆ ಕಡೆ ಅವನು, ಈ ಕಡೆ ಅವಳು, ಒಂದೇ ಚುಕ್ಕಿಯನ್ನು ಕಾದಿದ್ದರು. ಅವನು ಎದ್ದು ಹೋಗಲಿಕ್ಕೆ ಕಾದಿದ್ದ, ಅವಳು ಅವನನ್ನು ಕಾಣಲಿಕ್ಕೆ ಕಾದಿದ್ದಳು. ಯಮನೂರಪ್ಪನಿಗೆ ಎದೆ ಬಿರಿಯುವಂತೆ ನಾಚಿಕೆಯಾಯಿತು. ಆಟ ಮುಗಿಯುವವರೆಗೆ ಅವಳ ಕೈ ಅಂಗಿಯ ಚುಂಗಿನಲ್ಲೇ ಇತ್ತು.

ಮರುದಿನ ಇಬ್ಬರೂ ಹೊಳೆ ದಾಟಿ ಬಂದು ಕಟ್ಟೆಯ ಕೆಳಗೆ ಕೂತರು.

"ಕಥೀ ಏನಾತಪ್ಪಾ?" ಎಂದರು ಅಜ್ಜನವರು.

"ತಿಳೀಲಿಲ್ಲರಿ ಅಜ್ಜಾರ," ಎಂದ ಯಮನೂರಪ್ಪ. "ನಾ ಇಕಿನ್ನ ನೋಡಿದೆ."

ಅಜ್ಜನವರು ತೊಡೆಯ ಮೇಲಿದ್ದ ಕೌದಿಯನ್ನು ಬಿಡಿಸಿ ಹಾಸಿದರು. ಬಣ್ಣಬಣ್ಣದ ತುಂಡುಗಳ ನಟ್ಟನಡುವೆ ಅವನ ಕಾವಿ ಧೋತರ, ಅಚ್ಚುಕಟ್ಟಾಗಿ ಹೊಲಿದು ಕೂತಿತ್ತು. ಮಠದಲ್ಲಿ ಅಡಿಗೆ ಮಾಡುವ ತಾಯಿ ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು: ಅದಕ್ಕೆ ಕತ್ತರಿ ಬಿದ್ದದ್ದು ಗುರುವಾರವೇ, ಅವನು ಇನ್ನೂ ಸಿಟ್ಟಿನಲ್ಲಿ ಹೊಳೆ ದಾಟುತ್ತಿದ್ದಾಗ.

"ಇಬ್ಬರಿಗೂ ಸಾಲತೈತಿ," ಎಂದರು ಪೂಜ್ಯರು.

ಒಂದು ಮೂಲೆ ಹೊಲಿಯುವುದು ಉಳಿದಿತ್ತು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿಯುವುದು ಅಲ್ಲಿಯ ರೂಢಿ. ನೀಲಗಂಗವ್ವ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. ಅಜ್ಜನವರು ಸೂಜಿಯನ್ನು ಯಮನೂರಪ್ಪನ ಕೈಗೆ ಕೊಟ್ಟರು. ದಾರ ಪೋಣಿಸಿ, ಒಂದೊಂದೇ ಹೊಲಿಗೆ ಹಾಕುತ್ತ ಅವನಿಗೆ ಒಂದು ತಾಸಿನ ಮೇಲೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಅವನು ಒಮ್ಮೆಯೂ ಏಳಲಿಲ್ಲ.