ಹುಲಿಯ ಜೊತೆ ಎದ್ದ ತಗಡು

ಹೊಳೆದಂಡೆಯ ಒಂದು ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಜೊತೆಗಿದ್ದವನು ಬೆಟ್ಟಸ್ವಾಮಿ ಎಂಬ ಶಿಷ್ಯನೊಬ್ಬನೇ. ಅವನೋ, ಮಹಾ ಅಳುಕಿನ ಆಸಾಮಿ. ಗುರುಗಳು ಹೊಳೆಯಲ್ಲಿ ಮುಳುಗು ಹಾಕಿದರೆ ಇವನು ದಡದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಸಂಜೆಯಾದರೆ ಇಬ್ಬರೂ ಜಗಲಿಯಲ್ಲಿ ಹುಲಿ-ಕುರಿ ಆಟಕ್ಕೆ ಕೂರುತ್ತಿದ್ದರು. ಮಣೆಯ ಮೇಲೆ ಹುಲಿ ಕಾಯಿಗಳು ಗುರುಗಳದು, ಕುರಿ ಕಾಯಿಗಳು ಶಿಷ್ಯನದು. ಹುಲಿ ಕುರಿಯ ಮೇಲೆ ಹಾರಿ ತಿನ್ನಬೇಕು, ಕುರಿಗಳು ಹುಲಿಯನ್ನು ಸುತ್ತುಗಟ್ಟಿ ಕಟ್ಟಿಹಾಕಬೇಕು.

ಆ ವರ್ಷ ಗುರುಗಳ ಕೈ ನಡುಗಲು ಶುರುವಾಯಿತು. ಒಂದು ಹುಲಿ ಎತ್ತಲು ಹೋದರೆ ಸುತ್ತಲಿನ ಕುರಿಗಳೆಲ್ಲ ಉರುಳುತ್ತಿದ್ದವು. ಗುರುಗಳು ನಗುತ್ತಿದ್ದರು. ಇವತ್ತು ಕೈ, ನಾಳೆ ಇನ್ನೇನೋ ಎಂದು ಹೆದರಿ ಬೆಟ್ಟಸ್ವಾಮಿಗೆ ಅನ್ನವೂ ಸೇರದಾಯಿತು.

ಕಾಯಿ ಉರುಳದಂಥ ಮಣೆ ಮಾಡಬೇಕು ಎಂದು ಹಟ ಹಿಡಿದ.

ಪೇಟೆಯಿಂದ ಅಂಗಿ ಗುಂಡಿಯಷ್ಟು ಪುಟ್ಟ ಅಯಸ್ಕಾಂತಗಳನ್ನು ತಂದ. ಎಣ್ಣೆ ಡಬ್ಬ ಕತ್ತರಿಸಿ, ತಗಡನ್ನು ಬಡಿದು ಮಟ್ಟಸ ಮಾಡಿ, ಮೊಳೆಯಿಂದ ಗೆರೆ ಕೊರೆದ. ಸೀಬೆ ಕೊಂಬೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದರ ಅಡಿಗೂ ಅಯಸ್ಕಾಂತ ಅಂಟಿಸಿದ.

ಆಟಕ್ಕೆ ಕೂತರು. ಶಿಷ್ಯ ಕುರಿಯೊಂದನ್ನು ಹುಲಿಯ ಪಕ್ಕಕ್ಕೆ ತಂದ. ಅದು ಸರ್ರನೆ ಜಾರಿ ಹುಲಿಗೇ ಕಚ್ಚಿಕೊಂಡಿತು.

“ಕುರಿಯೇ ಹೋಗಿ ಹುಲೀನ ತಬ್ಬಿಕೊಳ್ತಲ್ಲಯ್ಯ! ಏನು ಪ್ರೀತಿನಪ್ಪ ಇದು!” ಎಂದರು ಗುರುಗಳು.

“ಕೆಲವನ್ನ ಮಗುಚಿ ಅಂಟಿಸಿಬಿಟ್ಟಿದೀನಿ ಬುದ್ಧಿ. ಸರಿ ಮಾಡ್ತೀನಿ.”

ಸರಿ ಮಾಡಿದ. ಎಲ್ಲ ಅಯಸ್ಕಾಂತಗಳದೂ ಒಂದೇ ಮುಖ ಕೆಳಗೆ ಬರುವಂತೆ ಅಂಟಿಸಿದ. ಕಾಯಿಗಳು ಒಂದನ್ನೊಂದು ತಳ್ಳದಿರಲೆಂದು ಹೊಸ ತಗಡಿನ ಮೇಲೆ ಗೆರೆಗಳನ್ನು ದೂರ ದೂರ ಎಳೆದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಭಯ ಬಿಡಬೇಕಲ್ಲ! ಈ ಹಿಡಿತ ಸಾಲದೆ ಹೋದರೆ ಎಂದು ಮತ್ತೆ ಪೇಟೆಗೆ ಓಡಿ, ಇನ್ನೂ ಜೋರಾದವನ್ನು ತಂದು ಹಾಕಿದ. ಮಣೆಯನ್ನು ತಲೆಕೆಳಗು ಹಿಡಿದು ಕೊಡವಿದ. ಒಂದು ಕಾಯಿಯೂ ಮಿಸುಕಲಿಲ್ಲ.

“ಇನ್ನು ಏನು ಮಾಡಿದ್ರೂ ಬೀಳಲ್ಲ ಬುದ್ಧಿ. ಆಡಿ.”

ಗುರುಗಳು ಹುಲಿಯನ್ನು ಹಿಡಿದು ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು. ಕುರಿಗಳ ಸಮೇತ ತಗಡೇ ಮೇಲೆದ್ದು ಬಂತು.

ಅವರು ಹೊಟ್ಟೆ ಹಿಡಿದು ನಕ್ಕರು. ಬೆಟ್ಟಸ್ವಾಮಿಗೆ ನಗು ಬರಲಿಲ್ಲ. ಮಣೆ ಎಲ್ಲಿ ಜಾರೀತೋ ಎಂದು ಕೆಳಗೆ ಕೈಯೊಡ್ಡಿ ನಿಂತ.

“ಇದನ್ನ ಯಾರಿಗೋಸ್ಕರ ಮಾಡಿದ್ದು?”

“ನಿಮಗೋಸ್ಕರ ಬುದ್ಧಿ.”

“ನನಗಾದ್ರೆ ನನ್ನ ಕೈಗೆ ಬರಬೇಕಿತ್ತಲ್ಲೋ.”

ಬೆಟ್ಟಸ್ವಾಮಿಗೆ ಅಳು ಒತ್ತರಿಸಿ ಬಂತು. “ಕಾಯಿ ಬಿದ್ದಾಗಲೆಲ್ಲ ನನ್ನ ಜೀವ ಹೋದಂಗಾಗುತ್ತೆ ಬುದ್ಧಿ. ನೀವಿಲ್ಲದೆ ಹೋದ್ರೆ ನಾನೇನು ಮಾಡ್ಲಿ?”

“ಕಾಯಿಗಳನ್ನೆಲ್ಲ ಕಿತ್ತು ಕೊಡು,” ಎಂದರು ಗುರುಗಳು. ಹೆಗಲ ಮೇಲಿನ ಹಳೇ ಪಂಚೆಯನ್ನು ತಗಡಿನ ಮೇಲೆ ಹಾಸಿ, ಹುಲಿಯನ್ನಿಟ್ಟು ಎತ್ತಿ ನೋಡಿದರು. ಬರಲಿಲ್ಲ. ಪಂಚೆಯನ್ನು ಮಡಚಿ ಹಾಸಿದರು. ಆಗಲೂ ಬರಲಿಲ್ಲ. ಮತ್ತೆ ಮಡಚಿದರು. ಈ ಸಲ ಹುಲಿ ಟಪ್ಪೆಂದು ಕೈಗೆ ಬಂತು.

“ಇದರ ಮೇಲೆ ಗೆರೆ ಎಳಿ.”

ಶಿಷ್ಯ ಇದ್ದಿಲಿನಿಂದ ಗೆರೆ ಎಳೆದು ಕಾಯಿ ಹೂಡಿದ. ಗುರುಗಳು ಹುಲಿಯನ್ನು ನಡೆಸಿದರು. ಕೈ ನಡುಗಿ ಪಕ್ಕದ ಕುರಿಗೆ ತಾಗಿತು. ಕುರಿ ಕೊಂಚ ಸರಿಯಿತು, ಉರುಳಲಿಲ್ಲ. ಬೆಟ್ಟಸ್ವಾಮಿಯ ಕಣ್ಣು ಮಾತ್ರ ಗುರುಗಳ ಬೆರಳುಗಳ ಮೇಲೆಯೇ ಇತ್ತು.

“ನಾಳೆ ಇನ್ನೂ ಜಾಸ್ತಿ ನಡುಗಿದ್ರೆ ಬುದ್ಧಿ?”

“ಒಂದು ಪದರ ತೆಗಿ.”

“ಎತ್ತೋಕೇ ಆಗದೆ ಹೋದ್ರೆ?”

“ಎಲ್ಲಿಗೆ ಅಂತ ಬಾಯಲ್ಲಿ ಹೇಳ್ತೀನಿ. ನನ್ನ ಹುಲೀನೂ ನೀನೇ ನಡೆಸು.”

“ಬಾಯೂ ನಿಂತುಹೋದ್ರೆ...”

ಗುರುಗಳು ಅವನ ಮುಖ ನೋಡಿದರು.

“ಆಗ ನಾನು ಕೂತಿರೋ ಈ ಜಾಗದಲ್ಲಿ ಇನ್ಯಾರನ್ನಾದ್ರೂ ಕೂರಿಸಿ ಆಟ ಹೇಳಿಕೊಡು. ಈಗ ಸರದಿ ನಿಂದು, ನಡೆಸು.”