ಕಡಿವಾಣದ ಕಟ್ಟೆ

ಹುರುಳಿಹಟ್ಟಿಯಲ್ಲಿ ಬಸ್ಸಿಳಿದು ಬಡಗಣಕ್ಕೆ ನಡೆದರೆ ಜಾಲಿಮರಗಳ ಹಿಂದೆ ಸಣ್ಣದೊಂದು ನೀರಿನ ಕಟ್ಟೆ ಕಾಣುತ್ತದೆ. ಏರಿಯ ಮೇಲೆ ಆಳೆತ್ತರದ ಕಲ್ಲು, ಅದರ ಮೇಲ್ತುದಿಯಲ್ಲಿ ಗೂಟದಂತೆ ಕಡೆದ ಚಾಚು. ಕುದುರೆಯನ್ನು ನೀರಿಗೆ ತಂದವರು ಮೊದಲು ಅದರ ಬಾಯಿಯ ಕಡಿವಾಣ ಕಳಚಿ ಆ ಚಾಚಿಗೆ ತೂಗುಹಾಕಬೇಕು, ಆಮೇಲೇ ನೀರು. ಜಟಕಾದವರು ಇದನ್ನು ಎಂದೂ ಮೀರಿದ್ದಿಲ್ಲ. ಮದುವೆ ಮೆರವಣಿಗೆಯ ಕುದುರೆಯಾದರೂ ಅಷ್ಟೆ, ಮದುಮಗ ಬೇಕಾದರೆ ಬಿಸಿಲಲ್ಲಿ ಕಾಯಲಿ. ಈಗೀಗ ಬೈಕಿನವರು ಅದೇ ಚಾಚಿಗೆ ಹೆಲ್ಮೆಟ್ ಸಿಕ್ಕಿಸಿ ಮುಖ ತೊಳೆಯುತ್ತಾರೆ. ಪದ್ಧತಿ ಗೊತ್ತಿದ್ದು ಮಾಡುತ್ತಾರೋ ಇಲ್ಲವೋ, ಅಂತೂ ಮಾಡುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಗಾರರ ಕೈಯಲ್ಲಿದ್ದಾಗ, ಇದೇ ಹಟ್ಟಿಯಲ್ಲಿ ಸಿರಿಯಣ್ಣನೆಂಬ ರಾವುತನಿದ್ದನಂತೆ. ಕೋಟೆಯ ಲಾಯದಲ್ಲಿ ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಹೆಣ್ಣು ಕುದುರೆಮರಿಯೊಂದನ್ನು ಮನೆಗೆ ತಂದು, ಅವನೂ ಹೆಂಡತಿ ಬೋರಮ್ಮನೂ ಮೇಕೆಯ ಹಾಲೆರೆದು ಬದುಕಿಸಿದ್ದರು. ಮೈಬಣ್ಣ ನೋಡಿ ಕೆಂಚಿ ಎಂದು ಕರೆದರು. ಬೆಳೆದ ಮೇಲೆ ಅದು ಅರಮನೆಯ ಸ್ವತ್ತಾಯಿತು, ಸವಾರಿ ಮಾತ್ರ ಸಿರಿಯಣ್ಣನದೇ. ಲಾಯದ ಕಟ್ಟಳೆ ಬಲು ಬಿಗಿ. ಕೋಟೆಬಾಗಿಲು ದಾಟಿದ ಕುದುರೆಯ ಕಡಿವಾಣವನ್ನು ಅದು ಮರಳಿ ಒಳಗೆ ಬರುವ ತನಕ ಕಳಚಕೂಡದು, ನೀರು ಕುಡಿಯುವುದೂ ಕಬ್ಬಿಣ ಕಚ್ಚಿಕೊಂಡೇ. ಕುದುರೆ ಕಳೆದುಕೊಂಡ ರಾವುತ ಸಂಸಾರ ಸಮೇತ ಸೀಮೆ ಬಿಡಬೇಕು. ಸಾಕಿದ ಪ್ರಾಣಿಯಾದರೂ ಬಯಲಿನಲ್ಲಿ ನಂಬಬಾರದು ಎಂದು ಸಿರಿಯಣ್ಣ ಕಿರಿಯ ರಾವುತರಿಗೆ ಬುದ್ಧಿ ಹೇಳುತ್ತಿದ್ದನಂತೆ. ಬುದ್ಧಿ ಹೇಳುವುದಕ್ಕೇನು, ಬಾಯೊಂದಿದ್ದರೆ ಸಾಕು.

ಕಾರ್ತಿಕದ ಒಣಬಿಸಿಲಲ್ಲಿ, ಗಡಿಯ ಠಾಣೆಗೆ ಇಬ್ಬರು ಕಿರಿಯರೊಂದಿಗೆ ಹೋಗಿ ಮರಳುವಾಗ ಕೆಂಚಿ ನೀರು ಕುಡಿಯುವುದನ್ನೇ ಬಿಟ್ಟಿತು. ಹಳ್ಳದ ನೀರಿಗೆ ಮೂತಿ ಇಡುವುದು, ತಲೆ ಕೊಡವಿ ಹಿಂದೆ ಸರಿಯುವುದು. ಸೊಕ್ಕು ಎಂದುಕೊಂಡ ಸಿರಿಯಣ್ಣ ಲಗಾಮನ್ನು ಇನ್ನಷ್ಟು ಬಿಗಿದ. ಈ ಕಟ್ಟೆಗೆ ಬರುವಷ್ಟರಲ್ಲಿ ಅದರ ಕಾಲುಗಳು ನಡುಗುತ್ತಿದ್ದವು, ಬಾಯಂಚಿನ ನೊರೆಯಲ್ಲಿ ರಕ್ತವಿತ್ತು. ಒಳಗೆಲ್ಲ ಹುಣ್ಣಾಗಿದೆ ಎಂದು ಅವನಿಗೆ ಹೊಳೆದದ್ದೇ ಆಗ. ಕಡಿವಾಣ ಕಳಚಿದರೆ ಓಡಿಹೋದೀತು, ಕಳಚದಿದ್ದರೆ ಕೋಟೆ ಮುಟ್ಟುವ ಮೊದಲೇ ಸತ್ತೀತು. ಲಗಾಮು ಹಿಡಿದೇ ನಿಂತುಬಿಟ್ಟ. ಕೊಡ ಹಿಡಿದು ನೀರಿಗೆ ಬಂದಿದ್ದ ಬೋರಮ್ಮ ಒಮ್ಮೆ ಕುದುರೆಯನ್ನು, ಒಮ್ಮೆ ಗಂಡನನ್ನು ನೋಡಿದಳು.

"ನಮ್ಮ ಅಂಗಳದಲ್ಲಿ ಹಾಲು ಕುಡಿಯುವಾಗ ಇವಳ ಬಾಯಲ್ಲಿ ಕಬ್ಬಿಣ ಇತ್ತಾ?" ಎಂದಳು.

ಸಿರಿಯಣ್ಣ ಕಡಿವಾಣ ಕಳಚಿದ. ಕೆಂಚಿ ನೀರಿಗಿಳಿದು ಹೊಟ್ಟೆ ಬಿರಿಯುವಂತೆ ಕುಡಿಯಿತು. ಆಮೇಲೆ ತಲೆಯೆತ್ತಿ ಗಾಳಿ ಮೂಸಿ, ಏರಿ ದಾಟಿ, ಹುರುಳಿ ಹೊಲಗಳಾಚೆ ಮರೆಯಾಯಿತು. ಜೊತೆಯವರು ಹಿಂದೆ ಹೊರಟಾಗ ಸಿರಿಯಣ್ಣ ತಡೆದ. "ಬೆನ್ನಟ್ಟಬೇಡಿ. ಬರುವುದಾದರೆ ಅವಳಾಗಿ ಬರಲಿ" ಎಂದ. ನೋಡಲಾರದೆ ಹೊಲಕ್ಕೆ ಬೆನ್ನು ಮಾಡಿ ಏರಿಯ ಮೇಲೆ ಕುಳಿತ. ಸೀಮೆ ಬಿಡುವಾಗ ಯಾವ ಪಾತ್ರೆ ಹೊರುವುದು, ಯಾವುದನ್ನು ಬಿಡುವುದು ಎಂದು ಬೋರಮ್ಮ ಪಕ್ಕದಲ್ಲಿ ಕುಳಿತು ಆಗಲೇ ಯೋಚಿಸುತ್ತಿದ್ದಳು ಎನ್ನುತ್ತಾರೆ.

ದನಕರು ಮನೆಗೆ ಮರಳುವ ಹೊತ್ತಿಗೆ ಸಿರಿಯಣ್ಣನ ಕುತ್ತಿಗೆಗೆ ಬೆಚ್ಚನೆಯ ಉಸಿರು ತಾಗಿತು. ಮೂತಿಗೆಲ್ಲ ಹುರುಳಿಸೊಪ್ಪು ಮೆತ್ತಿಕೊಂಡ ಕೆಂಚಿ ಅವನ ಹೆಗಲ ಮೇಲೆ ಗದ್ದವೂರಿ ನಿಂತಿತ್ತು. ಹೋದ ಜೀವ ಬಂದಂತಾಯಿತು. ಹೊಲದವನು ವಾಚಾಮಗೋಚರ ಬೈಯುತ್ತ ಹಿಂದೆಯೇ ಬಂದ. ಅಷ್ಟು ಇಂಪಾದ ಮಾತನ್ನು ಸಿರಿಯಣ್ಣ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅಳುತ್ತಲೇ ನಕ್ಕ, ಹೊಲದವನಿಗೂ ಕೈಮುಗಿದ. ಮಾರನೆಯ ದಿನ ಕಡಿವಾಣವನ್ನು ಬಗಲಿಗೆ ಹಾಕಿಕೊಂಡು, ಬರಿಯ ಜೂಲು ಹಿಡಿದೇ ಕೋಟೆಯೊಳಗೆ ಸವಾರಿ ಬಂದ. ಪಾಳೆಗಾರ ತಾನೇ ಇಳಿದುಬಂದು ಕೆಂಚಿಯ ಬಾಯಿ ಬಿಡಿಸಿ ಒಳಗೆ ನೋಡಿದ. ಆಮೇಲೆ ಆ ಕಟ್ಟಳೆ ಇನ್ನು ಬೇಡವೆಂದ. ಕಟ್ಟೆಯ ಕಲ್ಲು ನೆಡಿಸಿದವನೂ ಅವನೇ.

ಆ ಕಲ್ಲಿನ ಹಿಂಬದಿಗೆ ಹೋಗಿ ನೋಡುವವರು ಕಡಿಮೆ. ಅಲ್ಲಿ ಕೆತ್ತಿದ ಒಂದು ಕುದುರೆ, ಪಕ್ಕದಲ್ಲೊಬ್ಬ ಮನುಷ್ಯ, ಮಳೆಗಾಳಿಗೆ ಸವೆದು ಕಣ್ಣುಮೂಗು ತಿಳಿಯದಂತಾಗಿದೆ. ಕುದುರೆಯ ಬಾಯಲ್ಲಿ ಕಡಿವಾಣವಿಲ್ಲ, ಮನುಷ್ಯನ ಕೈಯಲ್ಲಿ ಹಗ್ಗವಿಲ್ಲ. ಆದರೂ ಇಬ್ಬರೂ ಒಂದೇ ಕಡೆಗೆ ನಡೆಯುತ್ತಿದ್ದಾರೆ.